ಏಳು ಇಂಚಿನ ತಟ್ಟೆಗಳು: ರಾಕ್ ಸಂಗೀತದ ಮೊದಲ ದಿನಗಳ ಮರೆತ ರೆಕಾರ್ಡುಗಳು

ಹಿಂದಿನ ಸಾಲಿನವರಿಗೂ ಕಾಣಲಿ ಎಂದು ಈ ತಟ್ಟೆಯನ್ನು ಎತ್ತಿ ಹಿಡಿದಿದ್ದೇನೆ. ಅಗಲ ಏಳು ಇಂಚು. ನಡುವೆ ಒಂದೂವರೆ ಇಂಚಿನ ದೊಡ್ಡ ತೂತು. ನಮ್ಮ ಅಜ್ಜಂದಿರ ಕಾಲದ ಗ್ರಾಮಫೋನ್ ತಟ್ಟೆಯಷ್ಟು ಭಾರವಿಲ್ಲ, ಕೈಜಾರಿದರೆ ಅಷ್ಟು ಸುಲಭವಾಗಿ ಚೂರಾಗುವುದೂ ಇಲ್ಲ. ನಿಮಿಷಕ್ಕೆ 45 ಸುತ್ತು ತಿರುಗುತ್ತದೆ, ಒಂದೊಂದು ಬದಿಗೆ ಒಂದೊಂದೇ ಹಾಡು. ಲೇಬಲ್ ಮೇಲೆ ‘ಹೈಲ್ಯಾಂಡ್’ ಎಂಬ ಪುಟ್ಟ ಕಂಪನಿಯ ಹೆಸರಿದೆ. ಅದರ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರಗಳಲ್ಲಿ, ಒಬ್ಬ ಹುಡುಗಿ ತನ್ನ ಹೆಸರು ಬರೆದುಕೊಂಡಿದ್ದಾಳೆ.

ಆ ಹೆಸರನ್ನು ನಾನು ಓದಿ ಹೇಳುವುದಿಲ್ಲ, ಅದು ಅವಳದು. ಆದರೆ ಬರೆದದ್ದು ಯಾಕೆ ಎಂದು ಹೇಳುತ್ತೇನೆ. ಅಮೆರಿಕದ ಹದಿಹರೆಯದ ಮಕ್ಕಳು ಆಗ ಯಾರದಾದರೂ ಮನೆಯಲ್ಲಿ ಸೇರಿ ಕುಣಿಯುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ತಮ್ಮ ತಟ್ಟೆಗಳನ್ನು ತರುತ್ತಿದ್ದರು. ಹೊರಡುವಾಗ ಅದಲುಬದಲಾಗಬಾರದಲ್ಲ? ನಮ್ಮ ಮನೆಗಳಲ್ಲಿ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಸುತ್ತಾರಲ್ಲ, ಹಾಗೆ. ಹಳೆಯ ತಟ್ಟೆ ಮಾರುವವರು ಇಂಥ ಬರಹವನ್ನು ದೋಷವೆಂದು ಎಣಿಸಿ ಬೆಲೆ ಇಳಿಸುತ್ತಾರೆ. ನನಗೆ ಮಾತ್ರ ಈ ತಟ್ಟೆಯ ಬೆಲೆ ಏರಿದ್ದೇ ಆ ನೀಲಿ ಶಾಯಿಯಿಂದ. ಕೆಲಸದ ಮೇಲೆ ಕ್ಯಾಲಿಫೋರ್ನಿಯದಲ್ಲಿದ್ದಾಗ, ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ, ಬಿರುಕು ಬಿಟ್ಟ ಹೂದಾನಿಗಳ ಕೆಳಗಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಇದು ನನಗೆ ಸಿಕ್ಕಿತು.

ಹಾಡಿನ ಹೆಸರು ‘ಏಂಜೆಲ್ ಬೇಬಿ’. ತಂಡ ರೋಸಿ ಅಂಡ್ ದಿ ಒರಿಜಿನಲ್ಸ್. ವರ್ಷ 1960. ಹಾಡಿದ ರೋಸಿ ಹ್ಯಾಮ್ಲಿನ್‌ಗೆ ಆಗ 15 ವರ್ಷ. ಸಾಹಿತ್ಯವನ್ನು ಇನ್ನೂ ಮೊದಲೇ, 14ನೆಯ ವಯಸ್ಸಿನಲ್ಲಿ, ತಾನು ಮನಸೋತ ಹುಡುಗನಿಗಾಗಿ ಬರೆದಿದ್ದಳು. ಸ್ಯಾನ್ ಡಿಯಾಗೋ ಬಳಿಯ ಈ ಮಕ್ಕಳಿಗೆ ಸಿಕ್ಕ ಸ್ಟುಡಿಯೋ ಎಂದರೆ ಸ್ಯಾನ್ ಮಾರ್ಕೋಸ್ ಎಂಬ ಊರಿನಲ್ಲಿದ್ದ ಹಳೆಯ ವಿಮಾನ ನಿಲ್ಲಿಸುವ ಕೊಟ್ಟಿಗೆ. ಅಲ್ಲಿದ್ದದ್ದು ಎರಡೇ ಟ್ರ್ಯಾಕಿನ ಧ್ವನಿಮುದ್ರಣ ಯಂತ್ರ. ಮುದ್ರಣದ ದಿನ ಸ್ಯಾಕ್ಸೋಫೋನ್ ನುಡಿಸುವ ಹುಡುಗ ಬರಲಿಲ್ಲ. ಅಂಗಳದ ಹುಲ್ಲು ಕತ್ತರಿಸದೆ ಹೊರಗೆ ಕಾಲಿಡಬೇಡ ಎಂದು ತಾಯಿ ತಡೆದಿದ್ದಳು. ಕೊನೆಗೆ ಬಾಸ್ ಗಿಟಾರಿನ ಹುಡುಗನೇ ಸ್ಯಾಕ್ಸೋಫೋನ್ ಹಿಡಿದುಕೊಂಡ.

ಈಗ ನೀವು ಕೇಳಿದಿರಲ್ಲ, ಹಾಡಿನ ನಡುವೆ ಬಂದ ಆ ಸ್ಯಾಕ್ಸೋಫೋನ್ ಒಂದೊಂದೇ ಸ್ವರವನ್ನು ತಡವಿ ತಡವಿ ಹಿಡಿಯುತ್ತದೆ. ಕತ್ತಲಲ್ಲಿ ಗೋಡೆ ಹಿಡಿದು ನಡೆಯುವವರ ಹಾಗೆ. ರೋಸಿಯ ದನಿ ತಾರಸ್ಥಾಯಿಗೆ ಏರುವಾಗ ತೆಳುವಾಗುತ್ತದೆ, ನಡುಗುತ್ತದೆ, ಶ್ರುತಿಯ ಅಂಚಿನಲ್ಲಿ ನಿಲ್ಲುತ್ತದೆ. ನಮ್ಮ ಸಂಗೀತ ಮೇಷ್ಟ್ರು ಇದನ್ನು ಕೇಳಿದ್ದರೆ ಶ್ರುತಿಪೆಟ್ಟಿಗೆಯನ್ನು ಮುಚ್ಚಿಬಿಡುತ್ತಿದ್ದರೋ ಏನೋ. ನನಗಂತೂ ಆ ನಡುಕವೇ ಬೇಕು. 15 ವರ್ಷದ ಹುಡುಗಿ ಪ್ರೀತಿಯನ್ನು ಕುರಿತು ಹಾಡುವಾಗ ದನಿ ನಡುಗದೆ ಇನ್ನೇನು ಆಗಬೇಕು?

ದೊಡ್ಡ ಕಂಪನಿ ಯಾವುದೂ ಇದನ್ನು ಕೊಳ್ಳಲಿಲ್ಲ. ಮಕ್ಕಳು ಸ್ಯಾನ್ ಡಿಯಾಗೋದ ಕ್ರೆಸ್ಗಿ ಅಂಗಡಿಯ ಸಂಗೀತ ವಿಭಾಗಕ್ಕೆ ಹೋಗಿ, ಗಿರಾಕಿಗಳಿಗೆ ಕೇಳಿಸಿ ಎಂದು ಮ್ಯಾನೇಜರರನ್ನು ಒಪ್ಪಿಸಿದರು. ಅಲ್ಲಿಗೆ ಬಂದ ಹುಡುಗ ಹುಡುಗಿಯರು ನಿಂತು ಕೇಳಿದರು. ಹೈಲ್ಯಾಂಡ್ ಕಂಪನಿಯ ಪ್ರತಿನಿಧಿಯ ಕಿವಿಗೆ ಬಿದ್ದದ್ದೂ ಅಲ್ಲಿಯೇ. 1961ರ ಆರಂಭದಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೆ ಏರಿತು. ಆದರೆ ಲೇಬಲ್ ಮೇಲೆ ಹಾಡು ಕಟ್ಟಿದವರ ಹೆಸರಿನ ಜಾಗದಲ್ಲಿ ರೋಸಿ ಇಲ್ಲ. ತಂಡದಲ್ಲಿ ಹಿರಿಯನಾದ ಗಿಟಾರ್ ವಾದಕನ ಹೆಸರಿದೆ. ತನ್ನ ಹಾಡು ತನ್ನದೆಂದು ಸಾಧಿಸಿ, ಅದರ ಗೌರವಧನ ಪಡೆಯಲು ಆಕೆ ದಶಕಗಳ ಕಾಲ ಹೋರಾಡಬೇಕಾಯಿತು.

ಇಂಗ್ಲೆಂಡಿನ ಬೀಟಲ್ಸ್ ತಂಡದ ಜಾನ್ ಲೆನನ್‌ಗೆ ಈ ಹಾಡು ಪ್ರಾಣ. 1973ರಲ್ಲಿ ಹಳೆಯ ರಾಕ್ ಹಾಡುಗಳನ್ನು ಮತ್ತೆ ಹಾಡತೊಡಗಿದಾಗ ಇದನ್ನೂ ಹಾಡಿದ. ಶುರುವಿನಲ್ಲಿ, ಇದು ನನ್ನ ಅತ್ಯಂತ ಪ್ರೀತಿಯ ಹಾಡುಗಳಲ್ಲಿ ಒಂದು, ರೋಸಿ ಎಲ್ಲಿದ್ದರೂ ಅವಳಿಗೆ ನನ್ನ ಪ್ರೀತಿ ಎಂದು ಹೇಳುತ್ತಾನೆ. ಎಲ್ಲಿದ್ದರೂ! ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದ ಗಾಯಕ, ಹನ್ನೆರಡೇ ವರ್ಷಗಳ ಹಿಂದೆ 5ನೆಯ ಸ್ಥಾನದಲ್ಲಿದ್ದ ಹುಡುಗಿಯ ವಿಳಾಸ ತಿಳಿಯದೆ, ಗಾಳಿಯಲ್ಲಿ ಪ್ರೀತಿ ಕಳುಹಿಸುತ್ತಿದ್ದಾನೆ. ಮರೆವು ಇಷ್ಟು ಬೇಗ ಬರುತ್ತದೆ ಎಂಬುದನ್ನು ನಾನು ಮೊದಲು ಅರಿತದ್ದು ಆ ಮಾತು ಕೇಳಿದಾಗ.

ಇವತ್ತು ನಿಮ್ಮ ಮುಂದೆ ಇಡಬೇಕೆಂದು ಬಂದಿರುವ ಮಾತು ಒಂದೇ. ಹಾಡು ಬೇರೆ, ರೆಕಾರ್ಡು ಬೇರೆ. ಹಾಡನ್ನು ಯಾರು ಬೇಕಾದರೂ ಹಾಡಬಹುದು. ಲೆನನ್ ಹಾಡಿದ, ಚೆನ್ನಾಗಿಯೇ ಹಾಡಿದ. ರೆಕಾರ್ಡು ಒಂದು ದಿನ, ಒಂದು ಕೋಣೆಯಲ್ಲಿ, ಇಂಥವರೇ ಸೇರಿದಾಗ ಒಮ್ಮೆ ಆದದ್ದು. ಆ ಕೊಟ್ಟಿಗೆ, ಆ ಎರಡು ಟ್ರ್ಯಾಕಿನ ಯಂತ್ರ, ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಆ ಹುಡುಗ, ಎಲ್ಲ ಈ ಗೆರೆಗಳಲ್ಲಿ ಇದ್ದಾರೆ. ಹಾಡು ಉಳಿದು ರೆಕಾರ್ಡು ಮರೆತುಹೋದದ್ದು ರಾಕ್‌ನ ಮೊದಲ ಹತ್ತು ವರ್ಷಗಳಲ್ಲಿ ಆದಷ್ಟು ಬೇರೆ ಯಾವಾಗಲೂ ಆಗಿಲ್ಲ ಎಂದು ನನಗೆ ಅನ್ನಿಸುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. 45ರ ತಟ್ಟೆಯನ್ನು ಆರ್‌ಸಿಎ ವಿಕ್ಟರ್ ಕಂಪನಿ 1949ರಲ್ಲಿ ತಂದಿತು. ಅದಕ್ಕೂ ಹಿಂದಿನದು ನಿಮಿಷಕ್ಕೆ 78 ಸುತ್ತು ತಿರುಗುವ 78ರ ತಟ್ಟೆ. ಅದು ಏತರಿಂದ ಆದದ್ದು ಗೊತ್ತೆ? ಅರಗಿನಿಂದ. ಮುತ್ತುಗ, ಜಾಲಿ, ಬೋರೆ ಮರಗಳ ಕೊಂಬೆಯ ಮೇಲೆ ಪುಟ್ಟ ಕೀಟ ಕಟ್ಟುವ ಅರಗು. ಪಾಂಡವರ ಅರಗಿನ ಮನೆಯ ಅರಗು, ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗು. ಅದು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ, ಇಂದಿನ ಜಾರ್ಖಂಡಿನ ಕಡೆಯ ಕಾಡುಗಳಿಂದ. ಎರಡನೆಯ ಮಹಾಯುದ್ಧದಲ್ಲಿ ಹಡಗಿನ ದಾರಿಗಳಿಗೆ ಅಪಾಯ ಬಂದಾಗ, 1942ರಲ್ಲಿ ಅಮೆರಿಕ ಸರ್ಕಾರ ಅರಗಿನ ಬಳಕೆಗೆ ಕತ್ತರಿ ಹಾಕಿತು. ಹಳೆಯ ತಟ್ಟೆಗಳನ್ನು ಜನರಿಂದ ಒಟ್ಟುಮಾಡಿ ಪುಡಿಮಾಡಿ ಹೊಸ ತಟ್ಟೆಗೆ ಬೆರೆಸಿದರು. ಎಷ್ಟು ದನಿಗಳು ಹಾಗೆ ಅರೆದುಹೋದವೋ! ‘ನಮ್ಮದಲ್ಲದ ಸಂಗೀತಕ್ಕೆ ನಿನಗೇಕೆ ಇಷ್ಟು ಹಂಬಲ’ ಎಂದು ಕೇಳುವವರಿಗೆ ನಾನು ಈ ಅರಗಿನ ಕಥೆ ಹೇಳುತ್ತೇನೆ. ಅಮೆರಿಕದ ಮೆಂಫಿಸ್‌ನ ಕಪ್ಪು ಹುಡುಗನ ದನಿ ಮೊದಲು ಕೂತದ್ದು ನಮ್ಮ ಕಾಡಿನ ಅರಗಿನ ಮೇಲೆ.

ಇನ್ನೊಂದು ಸಂಗತಿ. ಅಮೆರಿಕದಲ್ಲಿ 1960ರ ಹೊತ್ತಿಗೆ 78ರ ತಟ್ಟೆ ಮುಗಿದುಹೋಗಿತ್ತು. ನಮ್ಮಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನುಗಳು ಇನ್ನೂ ಇದ್ದವು, ವಿದ್ಯುತ್ ಇಲ್ಲದ ಮನೆಗಳಿದ್ದವು. ಹಾಗಾಗಿ ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ ಬೀಟಲ್ಸ್ ಹಾಡುಗಳೂ 78ರ ತಟ್ಟೆಯಲ್ಲಿ ಬಂದವು. ಇವತ್ತು ಜಗತ್ತಿನ ಬೀಟಲ್ಸ್ ಸಂಗ್ರಾಹಕರು ಅವಕ್ಕಾಗಿ ಹಾತೊರೆಯುತ್ತಾರೆ. ನಿಮ್ಮ ಅಟ್ಟದ ಮೇಲೆ ಹಳೆಯ ತಟ್ಟೆಗಳ ಪೆಟ್ಟಿಗೆ ಇದ್ದರೆ, ಗುಜರಿಯವನಿಗೆ ತೂಗಿ ಹಾಕುವ ಮೊದಲು ಒಂದೊಂದು ಲೇಬಲನ್ನೂ ಓದಿ. ದಯವಿಟ್ಟು ಓದಿ.

ಮತ್ತೆ ದಾರಿಗೆ ಬರುತ್ತೇನೆ. ತಟ್ಟೆಗೆ ಎರಡು ಬದಿ. ಎ ಬದಿಯಲ್ಲಿ ಕಂಪನಿ ನಂಬಿದ ಹಾಡು, ಬಿ ಬದಿಯಲ್ಲಿ ಜಾಗ ತುಂಬಲು ಹಾಕಿದ ಹಾಡು. ಆದರೆ ಆ ಕಾಲದ ದೊಡ್ಡ ಹಾಡುಗಳಲ್ಲಿ ಎಷ್ಟೊಂದು ಬಿ ಬದಿಯಿಂದಲೇ ಎದ್ದು ಬಂದವು ನೋಡಿ! ಬಿಲ್ ಹೇಲಿಯ ‘ರಾಕ್ ಅರೌಂಡ್ ದಿ ಕ್ಲಾಕ್’ 1954ರಲ್ಲಿ ಬಿ ಬದಿಯಲ್ಲಿತ್ತು. ಅದೇ ವರ್ಷ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಕಾರ್ಡ್ಸ್ ತಂಡ ‘ಶ್-ಬೂಮ್’ ಹಾಡಿತು. ಕಂಪನಿ ಭರವಸೆ ಇಟ್ಟಿದ್ದು ಇನ್ನೊಂದು ಬದಿಯಲ್ಲಿದ್ದ, ಗಾಯಕಿ ಪ್ಯಾಟಿ ಪೇಜ್ ಆಗಲೇ ಗೆಲ್ಲಿಸಿದ್ದ ಹಾಡಿನ ಮೇಲೆ. ಜನ ತಟ್ಟೆ ತಿರುಗಿಸಿದರು. ಕಪ್ಪು ಹುಡುಗರ ಈ ಹಾಡು ಬಿಳಿಯರ ಮುಖ್ಯ ಪಟ್ಟಿಯ ಮೊದಲ ಹತ್ತರೊಳಗೂ ನುಗ್ಗಿತು, ಅಂದಿನ ದಿನಗಳಲ್ಲಿ ಅದು ಸಣ್ಣ ಮಾತಲ್ಲ. ಕೂಡಲೇ ಕೆನಡಾದ ಕ್ರೂ-ಕಟ್ಸ್ ಎಂಬ ಬಿಳಿಯರ ತಂಡದಿಂದ ಅದೇ ಹಾಡನ್ನು ನಯವಾಗಿ ಹಾಡಿಸಿ ಇನ್ನೊಂದು ಕಂಪನಿ ಹೊರತಂದಿತು. ಕಪ್ಪು ಗಾಯಕರ ತಟ್ಟೆ ಹಾಕದ ಎಷ್ಟೋ ರೇಡಿಯೋ ಕೇಂದ್ರಗಳು ಇದನ್ನು ಹಾಕಿದವು. ಒಂದನೆಯ ಸ್ಥಾನ ಅದಕ್ಕೇ ಹೋಯಿತು. ಕಾರ್ಡ್ಸ್ ಎಂಬ ಹೆಸರಿನ ಬೇರೊಂದು ತಂಡ ಮೊದಲೇ ಇತ್ತೆಂದು ಈ ಹುಡುಗರು ತಮ್ಮ ಹೆಸರನ್ನೂ ಬಿಡಬೇಕಾಯಿತು. ಹಾಡು ಕೈತಪ್ಪಿತು, ಬೆನ್ನಿಗೇ ಹೆಸರೂ ಕೈತಪ್ಪಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿನೋಡಿ. ಕ್ರೂ-ಕಟ್ಸ್ ಇಸ್ತ್ರಿ ಮಾಡಿದ ಅಂಗಿಯಂತೆ ಇದ್ದಾರೆ. ಕಾರ್ಡ್ಸ್ ತಂಡದವರು ಬೀದಿಯ ಮೂಲೆಯಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ನಕ್ಕ ಹಾಗಿದ್ದಾರೆ.

ಬಿ ಬದಿಯ ಕಥೆಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ರಿಚರ್ಡ್ ಬೆರಿಯದು. ಲಾಸ್ ಏಂಜಲೀಸ್‌ನ ಗಾಯಕ, ಹುಟ್ಟಿದ್ದು 1935ರಲ್ಲಿ. ಬೇರೆಯವರ ಹೆಸರಿನ ತಟ್ಟೆಗಳಲ್ಲಿ ಹೆಸರಿಲ್ಲದೆ ಹಾಡಿದವನು. 1957ರಲ್ಲಿ ಫ್ಲಿಪ್ ಎಂಬ ಸಣ್ಣ ಕಂಪನಿ ಅವನ ತಟ್ಟೆಯೊಂದನ್ನು ತಂದಿತು. ಎ ಬದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ‘ಯೂ ಆರ್ ಮೈ ಸನ್‌ಶೈನ್’. ಬಿ ಬದಿಯಲ್ಲಿ ಅವನೇ ಕಟ್ಟಿದ ‘ಲೂಯಿ ಲೂಯಿ’. ಒಬ್ಬ ನಾವಿಕ ಪಾನಗೃಹದಲ್ಲಿ ಕೂತು, ಜಮೈಕಾದಲ್ಲಿ ತನಗಾಗಿ ಕಾಯುತ್ತಿರುವ ಹುಡುಗಿಯನ್ನು ಕುರಿತು ಲೂಯಿ ಎಂಬವನಿಗೆ ಹೇಳಿಕೊಳ್ಳುತ್ತಾನೆ, ನಾನಿನ್ನು ಹೊರಡಬೇಕು ಎನ್ನುತ್ತಾನೆ. ಅಷ್ಟೇ. ಕ್ಯೂಬಾದ ಚಾ-ಚಾ ಲಯ, ಹಿಂದಿನಿಂದ ಗೆಳೆಯರ ತಗ್ಗಿದ ದನಿ. ತಟ್ಟೆ ಆ ಕರಾವಳಿಯಲ್ಲಿ ಅಷ್ಟಿಷ್ಟು ಓಡಿ ನಿಂತಿತು. 1959ರಲ್ಲಿ ಮದುವೆಯ ಖರ್ಚಿಗೆ ಹಣ ಬೇಕಾಗಿ ಬೆರಿ ತನ್ನ ಹಾಡಿನ ಹಕ್ಕನ್ನು 750 ಡಾಲರಿಗೆ ಮಾರಿದ.

ಈಗ ನೋಡಿ, ಮರೆತ ತಟ್ಟೆ ಏನು ಮಾಡಬಲ್ಲದು ಎಂದು. ದೂರದ ಉತ್ತರದಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾ ಎಂಬ ಊರು. ಅಲ್ಲಿ ರಾಬಿನ್ ರಾಬರ್ಟ್ಸ್ ಎಂಬ ಶಾಲಾ ಹುಡುಗನಿಗೆ ಕಪ್ಪು ಗಾಯಕರ ತಟ್ಟೆಗಳ ಹುಚ್ಚು. ಯಾರೂ ಕೇಳದ ಬೆರಿಯ ಈ ತಟ್ಟೆ ಅವನ ಕೈಗೆ ಬಿತ್ತು. ಅವನು ತಿರುಗಿಸಿ ಬಿ ಬದಿ ಹಾಕಿದ. ಹಾಡನ್ನು ಕಲಿತ, ಊರಿನ ಕುಣಿತದ ಸಭೆಗಳಲ್ಲಿ ಹಾಡಿದ, 1961ರಲ್ಲಿ ವೇಲರ್ಸ್ ತಂಡದೊಂದಿಗೆ ಮುದ್ರಿಸಿದ. ಅವನಿಂದ ಆ ಕಡೆಯ ಊರುಗಳ ಎಲ್ಲ ತಂಡಗಳಿಗೂ ಹಬ್ಬಿತು. 1963ರಲ್ಲಿ ಪೋರ್ಟ್‌ಲ್ಯಾಂಡಿನ ಕಿಂಗ್ಸ್‌ಮೆನ್ ತಂಡ ಅದನ್ನು ಮುದ್ರಿಸಿತು. ಮೈಕು ತಲೆಗಿಂತ ಎಷ್ಟೋ ಮೇಲೆ ತೂಗುತ್ತಿತ್ತು. ತಂಡದ ಗಾಯಕ ಜ್ಯಾಕ್ ಈಲಿ ಮುಖವೆತ್ತಿ ಕಿರುಚಿದ. ಮಾತು ಒಂದೂ ಸ್ಪಷ್ಟವಿಲ್ಲ. ಗಿಟಾರ್ ಮುಗಿದ ಮೇಲೆ ಮೂರನೆಯ ಚರಣಕ್ಕೆ ಅವನು ಅವಸರದಲ್ಲಿ ಬೇಗ ಎತ್ತಿಕೊಂಡುಬಿಡುತ್ತಾನೆ. ನಮ್ಮ ಕಛೇರಿಯ ಭಾಷೆಯಲ್ಲಿ ಹೇಳುವುದಾದರೆ ಎಡುಪು ತಪ್ಪುತ್ತದೆ. ತಕ್ಷಣ ನಿಲ್ಲುತ್ತಾನೆ, ಡ್ರಮ್ಮಿನವನು ಒಂದು ಉರುಳಿಕೆ ಹಾಕಿ ಆ ತೆರಪನ್ನು ಮುಚ್ಚುತ್ತಾನೆ. ಆ ತಪ್ಪು ತಟ್ಟೆಯಲ್ಲಿ ಹಾಗೆಯೇ ಇದೆ, ಈಗ ಹಾಕಿದಾಗ ನಿಮ್ಮಲ್ಲಿ ಕೆಲವರು ಅಲ್ಲಿ ತಲೆಯೆತ್ತಿ ನೋಡಿದಿರಿ. ಹಾಡು ರಾಷ್ಟ್ರದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಹೋಯಿತು. ಮಾತು ಅರ್ಥವಾಗದ ಕಾರಣ ಅಶ್ಲೀಲವಿರಬೇಕೆಂದು ತಂದೆತಾಯಿಗಳು ದೂರು ಬರೆದರು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ತನಿಖೆ ಮಾಡಿ, ಯಾವ ವೇಗದಲ್ಲಿ ಹಾಕಿದರೂ ಮಾತು ತಿಳಿಯುವುದಿಲ್ಲ ಎಂದು ಷರಾ ಬರೆಯಿತು.

ಈ ಗದ್ದಲದಲ್ಲಿ ಬೆರಿಯ ತಟ್ಟೆಯನ್ನು ಕೇಳಿದವರು ಎಷ್ಟು ಮಂದಿ? ಕೇಳಿದರೆ ಅದರಲ್ಲಿ ಒಂದೊಂದು ಮಾತೂ ಸ್ಪಷ್ಟ. ಅಶ್ಲೀಲವಿರಲಿ, ತುಂಟತನವೂ ಇಲ್ಲ. ಮನೆ ನೆನೆದು ಕರಗಿದವನ ಹಾಡು. ಕಿಂಗ್ಸ್‌ಮೆನ್ ರೆಕಾರ್ಡನ್ನು ಕೇಳಿದರೆ ನನಗೆ ಕುಣಿಯಬೇಕು ಅನ್ನಿಸುತ್ತದೆ, ಬೆರಿಯದನ್ನು ಕೇಳಿದರೆ ಊರಿಗೆ ಹೊರಡಬೇಕು ಅನ್ನಿಸುತ್ತದೆ. 1980ರ ದಶಕದಲ್ಲಿ ವಕೀಲರ ನೆರವಿನಿಂದ ಬೆರಿಗೆ ತನ್ನ ಹಾಡಿನಿಂದ ನ್ಯಾಯವಾಗಿ ಬರಬೇಕಾದ ಹಣ ಬಂತು, 1997ರಲ್ಲಿ ಕಣ್ಣು ಮುಚ್ಚುವ ಮೊದಲು ಒಂದಿಷ್ಟು ನೆಮ್ಮದಿಯ ವರ್ಷಗಳನ್ನು ಕಂಡ. ರಾಬರ್ಟ್ಸ್ ಮಾತ್ರ 1967ರಲ್ಲೇ ಕಾರು ಅಪಘಾತದಲ್ಲಿ ತೀರಿಹೋಗಿದ್ದ. ತಟ್ಟೆ ತಿರುಗಿಸಿ ಹಾಕಿದ ಆ ಹುಡುಗನನ್ನು ನಾನು ಆಗಾಗ ನೆನೆಯುತ್ತೇನೆ.

ಮರೆತದ್ದನ್ನು ಹುಡುಕುವುದು ನಮ್ಮ ಕಾಲದ ಹವ್ಯಾಸ ಎಂದುಕೊಳ್ಳಬೇಡಿ. ಆಗಿನ ಜನಪ್ರಿಯ ತಟ್ಟೆಗೆ ಆಯುಸ್ಸು ಎರಡು ಮೂರು ತಿಂಗಳು. ಎರಡು ವರ್ಷ ಕಳೆದರೆ ಅದು ಪುರಾತನ. 1959ರಲ್ಲೇ ಲಾಸ್ ಏಂಜಲೀಸ್‌ನ ರೇಡಿಯೋ ನಿರೂಪಕ ಆರ್ಟ್ ಲಬೋ ನಾಲ್ಕೈದು ವರ್ಷ ಹಿಂದಿನ ಹಾಡುಗಳನ್ನು ಕೂಡಿಸಿ ‘ಓಲ್ಡೀಸ್ ಬಟ್ ಗುಡೀಸ್’ ಎಂಬ ದೊಡ್ಡ ತಟ್ಟೆ ತಂದರು. ಅದೇ ಹೊತ್ತಿನಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ, ನೆಲದಡಿಯ ರೈಲು ನಿಲ್ದಾಣದ ಓಣಿಯಲ್ಲಿ ಒಂದು ಇಕ್ಕಟ್ಟಾದ ಅಂಗಡಿ ಇತ್ತು, ಟೈಮ್ಸ್ ಸ್ಕ್ವೇರ್ ರೆಕಾರ್ಡ್ಸ್. ಇಂಥ ತಟ್ಟೆ ತಂದರೆ ಇಷ್ಟು ಡಾಲರ್ ಕೊಡುತ್ತೇವೆ ಎಂದು ಅದರ ಮಾಲೀಕ ಗೋಡೆಯ ಮೇಲೆ ಬರೆದು ಹಾಕುತ್ತಿದ್ದ. ಶಾಲೆ ಬಿಟ್ಟ ಹುಡುಗರು ಊರೆಲ್ಲ ಸುತ್ತಿ ಹುಡುಕಿ ತರುತ್ತಿದ್ದರು.

ಕ್ವೀನ್ಸ್ ಬಡಾವಣೆಯ ಕ್ಯಾಪ್ರೀಸ್ ತಂಡ 1958ರಲ್ಲಿ ‘ದೇರ್ಸ್ ಎ ಮೂನ್ ಔಟ್ ಟುನೈಟ್’ ಎಂಬ ಹಾಡು ಮುದ್ರಿಸಿತ್ತು. ಯಾರೂ ಕೊಳ್ಳಲಿಲ್ಲ. ತಂಡ ಚದುರಿತು, ಮುಖ್ಯ ಗಾಯಕ ಸೈನ್ಯಕ್ಕೆ ಸೇರಿದ. ಎರಡು ವರ್ಷದ ಮೇಲೆ ಆ ತಟ್ಟೆ ಈ ಅಂಗಡಿಗೆ ಬಂತು, ಹುಡುಗರು ಮತ್ತೆ ಮತ್ತೆ ಕೇಳಿದರು, ಇನ್ನೂ ಬೇಕೆಂದರು. ಅಂಗಡಿಯ ಕೆಲಸಗಾರ ಜೆರ್ರಿ ಗ್ರೀನ್ ಮೂಲ ಮುದ್ರಣದ ಹಕ್ಕನ್ನೇ ಕೊಂಡು ಮತ್ತೆ ಹೊರತಂದ. ರೇಡಿಯೋ ಹಿಡಿಯಿತು. 1961ರಲ್ಲಿ ಅದು ರಾಷ್ಟ್ರದ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೆ ಬಂತು. ಸತ್ತಿತೆಂದುಕೊಂಡಿದ್ದ ಹಾಡನ್ನು ಬದುಕಿಸಿದ್ದು ಯಾವ ಕಂಪನಿಯೂ ಅಲ್ಲ. ಬಸ್ಸಿನ ಹಣ ಉಳಿಸಿ ತಟ್ಟೆ ಕೊಂಡ ಮಕ್ಕಳು.

ಇನ್ನು ನಿಮ್ಮಲ್ಲಿ ಹುಡುಕಲು ಹೊರಡುವವರಿಗೆ ಒಂದೆರಡು ಮಾತು. ಮೊಬೈಲಿನಲ್ಲಿ ಹೆಸರು ಹಾಕಿದರೆ ಹಾಡು ಬರುತ್ತದೆ, ನಿಜ. ಬಂದದ್ದು ಆ ರೆಕಾರ್ಡೇ ಎಂದು ನಂಬಬೇಡಿ. ಹಕ್ಕು ಕೈತಪ್ಪಿದ ಎಷ್ಟೋ ಗಾಯಕರು ಹೊಟ್ಟೆಪಾಡಿಗಾಗಿ ಹತ್ತಿಪ್ಪತ್ತು ವರ್ಷಗಳ ನಂತರ ಅದೇ ಹಾಡನ್ನು ಮತ್ತೆ ಮುದ್ರಿಸಿದ್ದಾರೆ. ಅವರನ್ನು ದೂರಲಾರೆ. ಆದರೆ 1954ರ ಹಾಡು ಎಂದು ಬರೆದಿದ್ದು, ಡ್ರಮ್ಮು ಎಡಗಿವಿಗೂ ಗಿಟಾರು ಬಲಗಿವಿಗೂ ಬೇರೆ ಬೇರೆಯಾಗಿ ಕೇಳಿದರೆ ಅನುಮಾನ ಪಡಿ. ಆ ವರ್ಷದ ಇಂಥ ತಟ್ಟೆಗಳಲ್ಲಿ ಎಲ್ಲ ದನಿಯೂ ಒಂದೇ ಕಡೆಯಿಂದ ಬರುತ್ತದೆ. ತಟ್ಟೆ ಕೈಗೆ ಸಿಕ್ಕರೆ ಬೆಳಕಿಗೆ ಓರೆಯಾಗಿ ಹಿಡಿದು, ಹಾಡು ಮುಗಿದ ಮೇಲೆ ಲೇಬಲಿನ ಸುತ್ತ ಉಳಿಯುವ ನುಣ್ಣನೆಯ ಉಂಗುರವನ್ನು ನೋಡಿ. ಅಲ್ಲಿ ಕೈಯಲ್ಲಿ ಗೀಚಿದ ಸಂಖ್ಯೆಗಳಿರುತ್ತವೆ. ಯಾವ ಅಚ್ಚಿನಿಂದ ಬಂದದ್ದು ಎಂಬುದನ್ನು, ಎಷ್ಟೋ ಸಲ ಯಾವ ಕಾರ್ಖಾನೆಯಲ್ಲಿ ಒತ್ತಿದ್ದು ಎಂಬುದನ್ನೂ, ಅವು ಹೇಳುತ್ತವೆ.

ತೊಳೆಯುವ ವಿಷಯದಲ್ಲಿ ನನ್ನ ಒಂದು ನೋವನ್ನು ಹೇಳಲೇಬೇಕು. ವರ್ಷಗಳ ಹಿಂದೆ ಬೆಂಗಳೂರಿನ ಚಿಕ್ಕಪೇಟೆಯ ಕಡೆಯ ಭಾನುವಾರದ ಸಂತೆಯಲ್ಲಿ 78ರ ಇಂಗ್ಲಿಷ್ ಹಾಡಿನ ತಟ್ಟೆಯೊಂದನ್ನು ಕೊಂಡೆ. ಗೆರೆಗಳಲ್ಲಿ ಮಣ್ಣು ತುಂಬಿತ್ತು. ಮನೆಗೆ ಬಂದು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದೆ. ಹತ್ತಿ ಕಪ್ಪಾಯಿತು, ಕೊಳೆ ಬರುತ್ತಿದೆ ಎಂದು ಸಂತೋಷಪಟ್ಟೆ, ಇನ್ನೂ ಒತ್ತಿ ಒರೆಸಿದೆ. ಬೆಳಕಿಗೆ ಹಿಡಿದಾಗ ಹೊಳಪು ಹೋಗಿ ಬೂದಿ ಬಣ್ಣ ಬಂದಿತ್ತು. ಮುಳ್ಳು ಇಟ್ಟರೆ ಬರೀ ಸರಸರ ಸದ್ದು, ಅದರಾಚೆ ಎಲ್ಲೋ ದೂರದಲ್ಲಿ ಒಬ್ಬ ಹಾಡುತ್ತಿದ್ದ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ನನ್ನ ಹತ್ತಿಗೆ ಬಂದದ್ದು ಕೊಳೆಯಲ್ಲ, ಹಾಡು. ಆ ತಟ್ಟೆಯನ್ನು ನಾನು ಎಸೆದಿಲ್ಲ. ನೀವು 78ರ ತಟ್ಟೆಗೆ ಸ್ಪಿರಿಟ್ ಮುಟ್ಟಿಸಬೇಡಿ. ಶುದ್ಧೀಕರಿಸಿದ ನೀರು, ಪಾತ್ರೆ ತೊಳೆಯುವ ದ್ರವದ ಒಂದು ಹನಿ, ಮೆತ್ತನೆಯ ಬಟ್ಟೆ, ಇಷ್ಟು ಸಾಕು. ಲೇಬಲ್ ನೆನೆಯದಂತೆ ನೋಡಿಕೊಳ್ಳಿ. 78ಕ್ಕೂ 45ಕ್ಕೂ ಒಂದೇ ಮುಳ್ಳು ಬಳಸಬೇಡಿ, 78ರ ಗೆರೆ ಮೂರು ಪಟ್ಟು ಅಗಲ.

ಮೂಲ ಟೇಪುಗಳು ಎಲ್ಲೋ ಭದ್ರವಾಗಿವೆ, ನಾವೇಕೆ ತಟ್ಟೆ ಕಾಯಬೇಕು ಎಂದು ಒಬ್ಬ ಗೆಳೆಯರು ಕೇಳಿದ್ದರು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ಬೆಂಕಿ ಬಿದ್ದು, ಅಲ್ಲಿ ಜೋಡಿಸಿಟ್ಟಿದ್ದ ಮೂಲ ಟೇಪುಗಳು ಉರಿದುಹೋದವು. ಎಷ್ಟು ಹೋದವು ಎಂಬ ವಾದ ಇಂದಿಗೂ ಮುಗಿದಿಲ್ಲ. ಸಣ್ಣ ಕಂಪನಿಗಳ ಟೇಪುಗಳಂತೂ ಬೆಂಕಿಗೂ ಕಾಯಲಿಲ್ಲ, ಕಂಪನಿ ಮುಚ್ಚಿದ ದಿನವೇ ಕಸಕ್ಕೆ ಹೋದವು. ಅಂಥ ಹಾಡುಗಳ ಮಟ್ಟಿಗೆ ಯಾರದೋ ಮನೆಯ ತಟ್ಟೆಯೇ ಮೂಲ.

ರೋಸಿ ಹ್ಯಾಮ್ಲಿನ್ 2017ರಲ್ಲಿ ತೀರಿಕೊಂಡರು. ಅವರ ತಟ್ಟೆಯ ಒಂದು ಬದಿಯನ್ನಷ್ಟೇ ನೀವು ಈವರೆಗೆ ಕೇಳಿದ್ದೀರಿ. ಇನ್ನೊಂದು ಬದಿಯಲ್ಲಿರುವುದು ‘ಗಿವ್ ಮಿ ಲವ್’. ಅದರಲ್ಲಿ ರೋಸಿ ಹಾಡುವುದಿಲ್ಲ, ಒಬ್ಬ ಹುಡುಗ ಹಾಡುತ್ತಾನೆ. ನೀಲಿ ಶಾಯಿಯ ಹುಡುಗಿ ಈ ಬದಿಯನ್ನೂ ಬಹಳ ಸಲ ಹಾಕಿರಬೇಕು, ಗೆರೆಗಳು ಅಷ್ಟೇ ಸವೆದಿವೆ. ಕಿಟಕಿಯ ಪಕ್ಕದವರು ಒಂದು ನಿಮಿಷ ಆ ಫ್ಯಾನನ್ನು ನಿಲ್ಲಿಸಿ, ತಟ್ಟೆ ತಿರುಗಿಸಿ ಹಾಕುತ್ತೇನೆ.